ಮಸ್ಕಿಯ 213 ಮತ ಮತ್ತು ಪೆಟ್ಟಿಗೆಯೊಳಗಿನ ಚೀಟಿ

ಹಟ್ಟಿ: ಚುನಾವಣೆ ಬಂತೆಂದರೆ ಇಲ್ಲಿನ ಬಸ್ ನಿಲ್ದಾಣದ ಚಹಾದಂಗಡಿಗಳಲ್ಲಿ ಒಂದೇ ಪ್ರಶ್ನೆ. "ಗುಂಡಿ ಒತ್ತಿದ್ವಿ, ಕುಂಯ್ ಅಂತು. ಖರೇನ ಅವನಿಗೇ ಬಿತ್ತೇನ್ರಿ?" ಎಲ್ಲಾ ಮಷಿನ್ ಆಟ ಎನ್ನುತ್ತಾನೆ ಒಬ್ಬ. ಸೋತವರದು ಯಾವಾಗಲೂ ಇದೇ ಹಾಡು ಎನ್ನುತ್ತಾನೆ ಇನ್ನೊಬ್ಬ. ಅಷ್ಟರಲ್ಲಿ ಲಿಂಗಸುಗೂರು ಬಸ್ಸು ಬರುತ್ತದೆ. ವಾದ ಅರ್ಧಕ್ಕೇ ನಿಲ್ಲುತ್ತದೆ.

ಆದರೆ ಇದು ಬಸ್ಸು ಬಂತೆಂದು ಬಿಟ್ಟುಬಿಡುವ ಪ್ರಶ್ನೆಯಲ್ಲ. ಯಾಕೆಂದರೆ ಒಂದೊಂದು ಮತಕ್ಕೂ ಬೆಲೆ ಎಷ್ಟು ಎಂಬುದನ್ನು ಈ ಭಾಗದವರು ಕಣ್ಣಾರೆ ಕಂಡಿದ್ದಾರೆ. 2018ರ ವಿಧಾನಸಭಾ ಚುನಾವಣೆಯಲ್ಲಿ ಪಕ್ಕದ ಮಸ್ಕಿ ಕ್ಷೇತ್ರದಲ್ಲಿ ಪ್ರತಾಪಗೌಡ ಪಾಟೀಲರಿಗೆ 60,387 ಮತ, ಬಸನಗೌಡ ತುರ್ವಿಹಾಳರಿಗೆ 60,174 ಮತ. ಅಂತರ ಬರೀ 213! ಇನ್ನು 107 ಮಂದಿ, ಅಂದರೆ ಎರಡು ಬಸ್ಸಿನಷ್ಟು ಜನ, ಆ ಗುಂಡಿ ಬಿಟ್ಟು ಈ ಗುಂಡಿ ಒತ್ತಿದ್ದರೆ ಶಾಸಕರೇ ಬೇರೆ ಆಗುತ್ತಿದ್ದರು.

ಆ ಫಲಿತಾಂಶ ಹೈಕೋರ್ಟ್ ಮೆಟ್ಟಿಲೇರಿತು. 2019ರಲ್ಲಿ ಪಾಟೀಲರ ಸ್ಥಾನ ತೆರವಾದರೂ, ತಕರಾರು ಅರ್ಜಿ ಬಾಕಿ ಇದ್ದುದರಿಂದ ಆ ಡಿಸೆಂಬರಿನ ಉಪಚುನಾವಣೆಗಳಲ್ಲಿ ಮಸ್ಕಿ ಸೇರಲಿಲ್ಲ. ಕೊನೆಗೆ ಮತದಾನ ನಡೆದದ್ದು 2021ರ ಏಪ್ರಿಲ್ 17ರಂದು. ಅದೇ ಇಬ್ಬರು, ಪಕ್ಷ ಮಾತ್ರ ಅದಲು ಬದಲು. ಈ ಸಲ ತುರ್ವಿಹಾಳರು 30,606 ಮತಗಳಿಂದ ಗೆದ್ದರು. ಮೂವತ್ತು ಸಾವಿರದ ಅಂತರವಿದ್ದಾಗ ಯಂತ್ರದ ಮೇಲೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. 213 ಅಂತರವಿದ್ದಾಗಲೇ ಲೆಕ್ಕ ಬೇಕಾಗುವುದು.

ಟಿಕೆಟ್ ಇದೆ, ಕೈಗೆ ಸಿಗುವುದಿಲ್ಲ

ಮತಯಂತ್ರ ನಮ್ಮ ರಾಜ್ಯಕ್ಕೆ ಹೊರಗಿನದಲ್ಲ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಇಸಿಐಎಲ್, ಎರಡೇ ಸರಕಾರಿ ಕಾರ್ಖಾನೆಗಳು ಇದನ್ನು ತಯಾರಿಸುತ್ತವೆ. 1982ರಲ್ಲಿ ಕೇರಳದ ಪರವೂರು ಕ್ಷೇತ್ರದ 50 ಮತಗಟ್ಟೆಗಳಲ್ಲಿ ಮೊದಲು ಬಳಸಿದರು. ಕಾನೂನಿನಲ್ಲಿ ಯಂತ್ರದ ಮಾತೇ ಇಲ್ಲವೆಂದು 1984ರಲ್ಲಿ ಸುಪ್ರೀಂ ಕೋರ್ಟ್ ಆ ಮತದಾನವನ್ನು ತಳ್ಳಿಹಾಕಿತು. ಆಮೇಲೆ ಕಾನೂನು ತಿದ್ದುಪಡಿಯಾಯಿತು. 2004ರ ಲೋಕಸಭಾ ಚುನಾವಣೆ ಹೊತ್ತಿಗೆ ದೇಶದ ತುಂಬ ಯಂತ್ರವೇ ಆಯಿತು.

ಅಲ್ಲಿಯವರೆಗೂ ಒತ್ತಿದವನಿಗೆ ಸಾಕ್ಷಿ ಎಂದರೆ ಕೆಂಪು ದೀಪ ಮತ್ತು ಆ ಕುಂಯ್ ಸದ್ದು, ಅಷ್ಟೇ. ಕಾಗದದ ಸಾಕ್ಷಿ ಬೇಕೇ ಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2013ರ ಅಕ್ಟೋಬರ್ 8ರಂದು. ಅದೇ ವಿವಿಪ್ಯಾಟ್. 2014ರಲ್ಲಿ ಬೆಂಗಳೂರು ದಕ್ಷಿಣ ಸೇರಿ ಎಂಟು ಲೋಕಸಭಾ ಕ್ಷೇತ್ರಗಳಲ್ಲಿ ಇಟ್ಟರು. 2018ರಲ್ಲಿ ಕರ್ನಾಟಕದ ಎಲ್ಲ ಮತಗಟ್ಟೆಗಳಿಗೂ ಬಂತು.

ಗುಂಡಿ ಒತ್ತಿದ ಕೂಡಲೇ ಪಕ್ಕದ ಪೆಟ್ಟಿಗೆಯ ಗಾಜಿನ ಕಿಟಕಿಯಲ್ಲಿ ಒಂದು ಚೀಟಿ ಕಾಣುತ್ತದೆ. ಅದರಲ್ಲಿ ಅಭ್ಯರ್ಥಿಯ ಕ್ರಮಸಂಖ್ಯೆ, ಹೆಸರು, ಚಿಹ್ನೆ ಇರುತ್ತವೆ. ಏಳು ಸೆಕೆಂಡು ನಿಂತು, ಕತ್ತರಿಸಿಕೊಂಡು ಕೆಳಗಿನ ಪೆಟ್ಟಿಗೆಗೆ ಬೀಳುತ್ತದೆ.

"ಕಂಡಕ್ಟರ್ ಮಷಿನ್‌ನಿಂದ ಟಿಕೆಟ್ ಹರಿದು ಕೈಗೆ ಕೊಡ್ತಾನ, ಇಲ್ಲಿ ಯಾಕ ಕೊಡಂಗಿಲ್ಲ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಚೀಟಿ ಮನೆಗೆ ಬಂತೆಂದರೆ, ಹಿಂದಿನ ರಾತ್ರಿ ನೋಟು ಹಂಚಿದವನು ಬೆಳಿಗ್ಗೆ ಬಾಗಿಲಲ್ಲಿ ನಿಂತು "ಎಲ್ಲಿ, ಚೀಟಿ ತೋರ್ಸು" ಎನ್ನುತ್ತಾನೆ. ಗುಪ್ತ ಮತದಾನ ಅಲ್ಲಿಗೆ ಮುಗಿಯಿತು. ಹಾಗಾಗಿ ಚೀಟಿಯನ್ನು ನೋಡಬಹುದು, ಒಯ್ಯುವಂತಿಲ್ಲ.

ಎಣಿಸುವುದು ಎಷ್ಟು?

ಇಷ್ಟು ಸರಿ. ತಕರಾರು ಶುರುವಾಗುವುದು ಇದರ ಮುಂದೆ. ಚೀಟಿ ಪೆಟ್ಟಿಗೆಯಲ್ಲಿದ್ದರೆ ಸಾಲದು, ಎಣಿಸಬೇಕಲ್ಲ? ಸಂಜೆ ಗಲ್ಲಾಪೆಟ್ಟಿಗೆಗೂ ಬಿಲ್ ಪುಸ್ತಕಕ್ಕೂ ತಾಳೆ ನೋಡದ ಅಂಗಡಿಕಾರ ಯಾವನಿದ್ದಾನೆ?

2018ರಲ್ಲಿ ಎಣಿಸಿದ್ದು ಒಂದು ಕ್ಷೇತ್ರಕ್ಕೆ ಒಂದೇ ಮತಗಟ್ಟೆಯ ಚೀಟಿ. 213 ಅಂತರದ ಮಸ್ಕಿ ಇದ್ದ ವರ್ಷದಲ್ಲಿ ನಿಯಮ ಅದೇ! ಅರ್ಧದಷ್ಟು ಎಣಿಸಿ ಎಂದು 21 ವಿರೋಧ ಪಕ್ಷಗಳ ನಾಯಕರು ಸುಪ್ರೀಂ ಕೋರ್ಟಿಗೆ ಹೋದರು. ಪ್ರತಿ ವಿಧಾನಸಭಾ ಕ್ಷೇತ್ರಕ್ಕೆ ಐದು ಮತಗಟ್ಟೆ ಎಂದು 2019ರ ಏಪ್ರಿಲ್ 8ರಂದು ತೀರ್ಪಾಯಿತು. ಒಂದು ಕ್ಷೇತ್ರದಲ್ಲಿ ಇನ್ನೂರರ ಮೇಲೆ ಮತಗಟ್ಟೆ ಇರುತ್ತವೆ. ಚೀಟಿ ಎತ್ತಿ ಆರಿಸಿದ ಐದರದು ತಾಳೆಯಾಗುತ್ತದೆ, ಉಳಿದವು ಮೊಹರಿನೊಳಗೇ ಇರುತ್ತವೆ.

ಪೂರಾ ಎಣಿಸಿ, ಇಲ್ಲವೇ ಹಳೆಯ ಮತಪತ್ರವನ್ನೇ ತನ್ನಿ ಎಂಬ ಬೇಡಿಕೆಯನ್ನು 2024ರ ಏಪ್ರಿಲ್ 26ರಂದು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಬದಲಿಗೆ ಎರಡು ಬಾಗಿಲು ತೆರೆಯಿತು. ಚಿಹ್ನೆಗಳನ್ನು ತುಂಬುವ ಉಪಕರಣಕ್ಕೆ ಮೊಹರು ಹಾಕಿ, ಫಲಿತಾಂಶ ಬಂದ ಮೇಲೆ 45 ದಿನ ಕಾಯ್ದಿಡಬೇಕು. ಎರಡನೇ, ಮೂರನೇ ಸ್ಥಾನದ ಅಭ್ಯರ್ಥಿಗಳು ಏಳು ದಿನದೊಳಗೆ ಲಿಖಿತವಾಗಿ ಕೇಳಿ ಖರ್ಚು ಕಟ್ಟಿದರೆ ಶೇ. 5ರಷ್ಟು ಯಂತ್ರಗಳನ್ನು ತಯಾರಕರ ಎಂಜಿನಿಯರುಗಳು ತಪಾಸಣೆ ಮಾಡಿಕೊಡಬೇಕು.

ಇನ್ನೊಂದು ಬಾಗಿಲು ಮೊದಲಿಂದಲೂ ಇದೆ, ತಟ್ಟುವವರು ಕಡಿಮೆ. ಫಲಿತಾಂಶ ಘೋಷಣೆಗೆ ಮುಂಚೆ ಅಭ್ಯರ್ಥಿಯಾಗಲಿ ಅವನ ಏಜೆಂಟನಾಗಲಿ ಯಾವುದೇ ಮತಗಟ್ಟೆಯ ಚೀಟಿ ಎಣಿಸಿ ಎಂದು ಚುನಾವಣಾಧಿಕಾರಿಗೆ ಅರ್ಜಿ ಕೊಡಬಹುದು. ಒಪ್ಪುವುದು ಬಿಡುವುದು ಅಧಿಕಾರಿಯದು, ಆದರೆ ಕಾರಣ ಬರೆಯಬೇಕು. ಎಣಿಸಿದಾಗ ಯಂತ್ರಕ್ಕೂ ಚೀಟಿಗೂ ತಾಳೆ ಆಗದಿದ್ದರೆ ನಿಯಮ ಸ್ಪಷ್ಟ: ಚೀಟಿಯ ಲೆಕ್ಕವೇ ಅಂತಿಮ. ಯಂತ್ರಕ್ಕಿಂತ ಕಾಗದ ದೊಡ್ಡದು ಎಂದು ಕಾನೂನೇ ಒಪ್ಪಿಕೊಂಡಂತಾಯಿತು.

ಊರ ಚುನಾವಣೆಗೆ ಬೇರೆ ದಾರಿ

ಇತ್ತ ಹಳ್ಳಿಯವರ ಕೈಯಿಂದ ಠಸ್ಸೆ ಪೂರ್ತಿ ಹೋಗಿರಲೇ ಇಲ್ಲ. 2020ರ ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆ ಬೀದರ್ ಜಿಲ್ಲೆ ಬಿಟ್ಟು ರಾಜ್ಯದ ಎಲ್ಲೆಡೆ ಮತಪತ್ರದಲ್ಲೇ ನಡೆಯಿತು. 2025ರ ಸೆಪ್ಟೆಂಬರ್ 4ರಂದು ರಾಜ್ಯ ಸಚಿವ ಸಂಪುಟ, ಸ್ಥಳೀಯ ಸಂಸ್ಥೆಗಳ ಚುನಾವಣೆಗಳನ್ನು ಮತಪತ್ರದಲ್ಲೇ ನಡೆಸುವಂತೆ ರಾಜ್ಯ ಚುನಾವಣಾ ಆಯೋಗಕ್ಕೆ ಶಿಫಾರಸು ಮಾಡಲು ತೀರ್ಮಾನಿಸಿತು. ಹಟ್ಟಿ ಪಟ್ಟಣ ಪಂಚಾಯಿತಿಯಂಥವು ಬರುವುದು ಈ ಆಯೋಗದ ಕೆಳಗೆ. ವಿಧಾನಸಭೆ, ಲೋಕಸಭೆ ನಡೆಸುವ ಆಯೋಗ ದಿಲ್ಲಿಯದು, ಅಲ್ಲಿ ಯಂತ್ರವೇ.

ಹಾಗಂತ ಕಾಗದವೂ ಗಂಗೆಯಷ್ಟು ಪವಿತ್ರವೇನಲ್ಲ. ಮತಗಟ್ಟೆ ಹಿಡಿದು ಕಟ್ಟುಗಟ್ಟಲೆ ಠಸ್ಸೆ ಒತ್ತಿದ್ದನ್ನು, ಎರಡು ಚಿಹ್ನೆಯ ನಡುವೆ ಒತ್ತಿ ಮತ ಕುಲಗೆಟ್ಟದ್ದನ್ನು ಹಳಬರು ಮರೆತಿಲ್ಲ. 1996ರಲ್ಲಿ ಬೆಳಗಾವಿ ಲೋಕಸಭಾ ಕ್ಷೇತ್ರದಲ್ಲಿ 456 ಮಂದಿ ಕಣದಲ್ಲಿದ್ದಾಗ ಮತಪತ್ರದ ಫಜೀತಿ ಎಷ್ಟೆಂದು ಅಲ್ಲಿನವರನ್ನೇ ಕೇಳಬೇಕು.

ಚಿನ್ನದ ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ತಕ್ಕಡಿ ಹಿತ್ತಾಳೆಯದೋ ಕರೆಂಟಿನದೋ ಎಂಬುದಲ್ಲ ಮಾತು. ತೂಕವನ್ನು ಮತ್ತೊಮ್ಮೆ, ಎದುರಿಗೇ, ನೋಡಲು ಬಿಡುತ್ತಾರೋ ಇಲ್ಲವೋ ಎಂಬುದು ಮಾತು.

ಮತದಾರ ಮಾಡಬೇಕಾದ್ದು

ಗುಂಡಿ ಒತ್ತಿ ಓಡಬೇಡಿ. ಏಳು ಸೆಕೆಂಡು ನಿಂತು ಕಿಟಕಿ ನೋಡಿ. ಬೇರೆ ಚಿಹ್ನೆ ಬಂತೆಂದರೆ ಅಲ್ಲೇ ಮತಗಟ್ಟೆಯ ಅಧ್ಯಕ್ಷಾಧಿಕಾರಿಗೆ ಹೇಳಿ. ಬರೆದುಕೊಟ್ಟರೆ ಏಜೆಂಟರ ಎದುರಿಗೇ ಪರೀಕ್ಷಾ ಮತ ಹಾಕಿಸುತ್ತಾರೆ. ಆದರೆ ಸುಳ್ಳು ದೂರಿಗೆ ಶಿಕ್ಷೆಯುಂಟು, ತಮಾಷೆಗೆ ಮಾಡುವ ಕೆಲಸವಲ್ಲ.

ಏಜೆಂಟರಿಗೆ ಎರಡು ಮಾತು. ಬೆಳಿಗ್ಗೆ ಕನಿಷ್ಠ 50 ಮತದ ಅಣಕು ಮತದಾನ ಆಗುತ್ತದೆ, ಅದಕ್ಕೆ ತಪ್ಪದೇ ಹಾಜರಿರಿ. ಸಂಜೆ ಎಷ್ಟು ಮತ ಬಿತ್ತೆಂಬ ನಮೂನೆ 17-ಸಿಯ ಪ್ರತಿ ಕೈಗೆ ಬಾರದೆ ಮತಗಟ್ಟೆ ಬಿಡಬೇಡಿ. ಎಣಿಕೆಯ ದಿನ ಯಂತ್ರದ ಅಂಕಿಯನ್ನು ಅದಕ್ಕೆ ತಾಳೆ ಹಾಕಿ. ಖರ್ಚಿಲ್ಲದ ಕೆಲಸ. ಆದರೂ ಎಷ್ಟೋ ಏಜೆಂಟರು ಊಟದ ಪೊಟ್ಟಣ ಬಂದ ಮೇಲೆ ಕಾಣಿಸುವುದೇ ಇಲ್ಲ.

ಮಸ್ಕಿಯಲ್ಲಿ 213 ಆಗಿತ್ತು. ಮುಂದೊಮ್ಮೆ ಎಲ್ಲೋ 13 ಆದೀತು. ಆವತ್ತು ಚಹಾದಂಗಡಿಯ ಪ್ರಶ್ನೆಗೆ ಉತ್ತರ ಪೆಟ್ಟಿಗೆಯೊಳಗೇ ಇರುತ್ತದೆ. ತೆಗೆದು ಎಣಿಸಿ ಎಂದು ಕೇಳುವ ಬಾಯಿ ಬೇಕು, ಅಷ್ಟೇ.