ನನ್ನ ‘ಸ’ ಮರಳಿ ಬಂತು! - ಒಬ್ಬ ಕಂಠದಾನ ಕಲಾವಿದನ ಹಲ್ಲಿನ ಕಥೆ

“ಸತ್ಯ ಸಾಯೋದಿಲ್ಲ ಸಾಹುಕಾರ್ರೇ, ಸತ್ತರೂ ಸುಮ್ಮನಿರೋದಿಲ್ಲ!”

ಸಂಭಾಷಣೆ ಜೋರಾಗಿದೆ ಅಲ್ಲವೇ? 2021ರ ಒಂದು ಮಧ್ಯಾಹ್ನ ಬೆಂಗಳೂರಿನ ಡಬ್ಬಿಂಗ್ ಸ್ಟುಡಿಯೋದಲ್ಲಿ ಈ ಒಂದೇ ಸಾಲನ್ನು ನಾನು ಏಳು ಸಲ ಹೇಳಿದೆ. ಪರದೆಯ ಮೇಲೆ ಬಡ ರೈತ ಕಣ್ಣೀರು ಸುರಿಸುತ್ತಿದ್ದ. ಗಾಜಿನ ಆಚೆ ಸೌಂಡ್ ಇಂಜಿನಿಯರ್ ತಲೆ ಕೆರೆದುಕೊಳ್ಳುತ್ತಿದ್ದ. “ಸಾರ್, ಬೇಜಾರು ಮಾಡ್ಕೋಬೇಡಿ... ‘ಸ’ ಬಂದಾಗೆಲ್ಲ ಕುಕ್ಕರ್ ಸೀಟಿ ಥರ ಕೇಳ್ತಿದೆ” ಎಂದ.

ಎಂಟನೇ ಟೇಕಿನಲ್ಲಿ ದನಿ ಏರಿಸಿದೆ. ನನ್ನ ಎರಡು ಕಟ್ಟಿದ ಹಲ್ಲುಗಳಿದ್ದ ಪ್ಲೇಟು ಬಾಯಿಂದ ಜಾರಿ ಮೈಕ್ ಸ್ಟ್ಯಾಂಡಿಗೆ ಬಡಿದು ‘ಟಣ್’ ಎಂದಿತು! ಎಲ್ಲರೂ ನಕ್ಕರು. ನಾನೂ ನಕ್ಕೆ. ಮಾರನೇ ದಿನ ಆ ರೈತನಿಗೆ ಬೇರೊಬ್ಬರು ದನಿ ಕೊಟ್ಟರು. ಆಗ ಮಾತ್ರ ನಗು ಬರಲಿಲ್ಲ, ಓದುಗ ಮಹಾಶಯರೇ.

ನನ್ನ ಮುಖ ನಿಮಗೆ ಗೊತ್ತಿಲ್ಲ. ದನಿ ಕೇಳಿರಬಹುದು. ಪೊಲೀಸ್ ಇನ್ಸ್‌ಪೆಕ್ಟರು, ಊರ ಗೌಡ, ಖಳನಾಯಕನ ಬಲಗೈ ಬಂಟ... ಹೀಗೆ ಮೂವತ್ತು ವರ್ಷ ಬೇರೆಯವರ ತುಟಿಗೆ ನನ್ನ ಮಾತು ಕೂರಿಸಿ ಅನ್ನ ತಿಂದವನು. 2020ರ ಮಳೆಗಾಲದಲ್ಲಿ ಸ್ಕೂಟರ್ ಗುಂಡಿಗೆ ಇಳಿಯಿತು. ಮೇಲಿನ ಎರಡು ಮುಂಬಲ್ಲು ಹೋದವು. “ಎರಡೇ ತಾನೇ?” ಅಂದುಕೊಂಡು ಒಂದು ಪ್ಲೇಟು ಮಾಡಿಸಿ ಸುಮ್ಮನಾದೆ.

ಶಾಲೆಯಲ್ಲಿ ಮೇಷ್ಟ್ರು ಬೆತ್ತ ಹಿಡಿದು ಹೇಳಿಕೊಟ್ಟಿದ್ದರು - ತ, ಥ, ದ, ಧ, ನ ದಂತ್ಯಾಕ್ಷರಗಳು ಅಂತ. ಅದರ ಅರ್ಥ ನನಗೆ ಹೊಳೆದದ್ದು ಹಲ್ಲು ಹೋದ ಮೇಲೆ! ನಾಲಿಗೆ ತಾಗಬೇಕಾದ ಗೋಡೆಯೇ ಇಲ್ಲ. ‘ತಂದೆ’ ಅಂದರೆ ಗಾಳಿ, ‘ಸಾಕು’ ಅಂದರೆ ಸೀಟಿ.

ಹಾಲಿವುಡ್ಡಿನ ಹಲ್ಲುಗಳು

ಸಿನಿಮಾದವರಿಗೆ ಹಲ್ಲಿನ ಕಾಟ ಹೊಸತೇನಲ್ಲ. ‘ಗಾನ್ ವಿತ್ ದಿ ವಿಂಡ್’ (1939) ನಾಯಕ ಕ್ಲಾರ್ಕ್ ಗೇಬಲ್ ನಕ್ಕರೆ ಹುಡುಗಿಯರು ಮೂರ್ಛೆ ಹೋಗುತ್ತಿದ್ದರಂತೆ. ಅದು ಕಟ್ಟಿಸಿದ ಹಲ್ಲಿನ ನಗು! ವಸಡಿನ ಸೋಂಕಿನಿಂದ 1933ರಲ್ಲೇ ಅವನ ಬಹುಪಾಲು ಹಲ್ಲು ಕೀಳಿಸಬೇಕಾಗಿತ್ತು. ಬಾಲನಟಿ ಶರ್ಲಿ ಟೆಂಪಲ್‌ಗೆ ಹಾಲುಹಲ್ಲು ಉದುರುವ ವಯಸ್ಸು, ಕ್ಯಾಮೆರಾ ಕಾಯುತ್ತದೆಯೇ? ಚಾರ್ಲ್ಸ್ ಪಿಂಕಸ್ ಎಂಬ ದಂತವೈದ್ಯ ತೆಳ್ಳನೆ ಕವಚ ಮಾಡಿ ಅಂಟಿಸುತ್ತಿದ್ದ. ಶೂಟಿಂಗ್ ಮುಗಿದರೆ ಕಿತ್ತಿಡುವುದು. ಎಲ್ಲಾ ತಾತ್ಕಾಲಿಕ ಸೆಟ್ಟಿಂಗ್!

ನನಗೆ ಬೇಕಿದ್ದದ್ದು ಸೆಟ್ಟಿಂಗ್ ಅಲ್ಲ, ಮನೆ. ಬುನಾದಿ ಇರುವ ಮನೆ.

ಮೊದಲು ಒಂದು ಕ್ಲಿನಿಕ್ಕಿಗೆ ಹೋದೆ. ‘ಒಂದೇ ದಿನದಲ್ಲಿ ಹಲ್ಲು’ ಎಂದು ಬೋರ್ಡು. ಸಕ್ಕರೆ ಕಾಯಿಲೆ ಇದೆಯೇ ಅಂತಲೂ ಕೇಳದೆ “ಅಡ್ವಾನ್ಸ್ ಕಟ್ಟಿ” ಎಂದರು. ಯಾಕೋ ಕಾಲು ಹಿಂದೆ ಬಂತು. 2022ರ ಆರಂಭದಲ್ಲಿ ಗೆಳೆಯರೊಬ್ಬರು ಇನ್ನೊಬ್ಬ ಡಾಕ್ಟ್ರಮ್ಮನ ಹತ್ತಿರ ಕಳಿಸಿದರು. ನನ್ನ ಮಗಳ ವಯಸ್ಸಿನವರು. ಮೂರು ಆಯಾಮದ ಸ್ಕ್ಯಾನ್ ತೆಗೆಸಿ, ಮೂರು ತಿಂಗಳ ಸಕ್ಕರೆಯ ಸರಾಸರಿ ಪರೀಕ್ಷೆ ಮಾಡಿಸಿ, ಆಮೇಲೆ ಕೂರಿಸಿ ಮಾತಾಡಿದರು.

“ಅಂಕಲ್, ಪಕ್ಕದ ಹಲ್ಲು ಅರೆದು ಬ್ರಿಡ್ಜ್ ಹಾಕಬಹುದು. ಬೇಗ ಆಗುತ್ತೆ. ಆದರೆ ಗಟ್ಟಿಯಿರೋ ಹಲ್ಲು ಅರೀಬೇಕು. ಇಂಪ್ಲಾಂಟ್ ಅಂದರೆ ಮೂಳೆಗೇ ಟೈಟಾನಿಯಂ ಸ್ಕ್ರೂ ಕೂರಿಸಿ ಅದರ ಮೇಲೆ ಹಲ್ಲು. ಪಕ್ಕದವರಿಗೆ ತೊಂದರೆ ಇಲ್ಲ. ಆದರೆ ಎರಡು ಷರತ್ತು. ಸಕ್ಕರೆ ಹತೋಟಿಗೆ ಬರಬೇಕು. ಸಿಗರೇಟು ಬಿಡಬೇಕು.”

“ಒಂದೇ ದಿನದಲ್ಲಿ ಆಗಲ್ವಾ ಡಾಕ್ಟ್ರಮ್ಮ?”

“ಮೂಳೆ ಚೆನ್ನಾಗಿದ್ದ ಕೆಲವರಿಗೆ ಅದೇ ದಿನ ತಾತ್ಕಾಲಿಕ ಹಲ್ಲು ಕೂರಿಸಬಹುದು. ನಿಮಗೆ ಆಗಲ್ಲ. ಹಲ್ಲು ಹೋದ ಜಾಗದಲ್ಲಿ ಮೂಳೆ ಕರಗುತ್ತೆ ಅಂಕಲ್, ಅದಕ್ಕೆ ಕೆಲಸ ಇರಲ್ಲವಲ್ಲ. ನೀವು ತಡ ಮಾಡಿದಿರಿ.”

ಕೆಲಸ ಇಲ್ಲದಿದ್ದರೆ ಕರಗುವುದು ಮೂಳೆ ಮಾತ್ರವೇ? ನನಗೆ ನನ್ನ ನೆನಪೇ ಆಯಿತು.

ಮೊಲದ ಕಾಲಿನ ಗುಟ್ಟು

ಲೋಹದ ಸ್ಕ್ರೂ ಮೂಳೆಯಲ್ಲಿ ನಿಲ್ಲುತ್ತದೆಯೇ? ಇದಕ್ಕೊಂದು ಸೊಗಸಾದ ಫ್ಲಾಶ್‌ಬ್ಯಾಕ್ ಇದೆ. ಸ್ವೀಡನ್ ದೇಶದ ಪ್ರೊಫೆಸರ್ ಬ್ರೋನೆಮಾರ್ಕ್ 1952ರಲ್ಲಿ ಮೊಲದ ಕಾಲಿನ ಮೂಳೆಯಲ್ಲಿ ರಕ್ತ ಹೇಗೆ ಹರಿಯುತ್ತದೆ ನೋಡಲು ಟೈಟಾನಿಯಂನ ಸಣ್ಣ ಸಾಧನವೊಂದನ್ನು ಇಟ್ಟಿದ್ದರು. ಪ್ರಯೋಗ ಮುಗಿದ ಮೇಲೆ ತೆಗೆಯಲು ಹೋದರೆ ಬರಲೊಲ್ಲದು! ಮೂಳೆ ಅದನ್ನು ತನ್ನದೆಂದೇ ಅಪ್ಪಿಕೊಂಡುಬಿಟ್ಟಿತ್ತು. ಆ ಅಪ್ಪುಗೆಗೇ ‘ಆಸಿಯೋಇಂಟಿಗ್ರೇಷನ್’ ಎಂದು ಹೆಸರಾಯಿತು.

1965ರಲ್ಲಿ ಗೋಸ್ಟಾ ಲಾರ್ಸನ್ ಎಂಬಾತ ಮೊದಲ ರೋಗಿಯಾಗಿ ಕುರ್ಚಿಯಲ್ಲಿ ಕೂತ. ಹುಟ್ಟಿನಿಂದಲೇ ದವಡೆಯ ದೋಷವಿದ್ದವನು. ಅವನಿಗೆ ಕೂರಿಸಿದ ಇಂಪ್ಲಾಂಟುಗಳು 2006ರಲ್ಲಿ ಅವನು ತೀರಿಕೊಳ್ಳುವವರೆಗೂ ಕೆಲಸ ಮಾಡಿದವು. ನಲವತ್ತು ವರ್ಷ! ಆದರೂ ವೈದ್ಯಲೋಕ ಬಹಳ ಕಾಲ ನಂಬಲಿಲ್ಲ. 1982ರಲ್ಲಿ ಕೆನಡಾದ ಟೊರಾಂಟೊ ಸಮ್ಮೇಳನದಲ್ಲಿ ಲೆಕ್ಕಪತ್ರ ಮುಂದಿಟ್ಟ ಮೇಲೆ ಜಗತ್ತು ತಲೆದೂಗಿತು.

ಕಥೆ ಕೇಳಿ ಧೈರ್ಯ ಬಂತು. ದುಡ್ಡು? ಒಂದು ಹಲ್ಲಿಗೆ ಹತ್ತಾರು ಸಾವಿರ. ರಾತ್ರಿ ಊಟವಾದ ಮೇಲೆ ನನ್ನಾಕೆ ಎರಡು ಬಳೆ ಬಿಚ್ಚಿ ಮೇಜಿನ ಮೇಲಿಟ್ಟಳು. “ರೀ, ನಿಮ್ಮ ಬಾಯಿಂದಲೇ ಬಂದ ಬಳೆ. ನಿಮ್ಮ ಬಾಯಿಗೇ ಹೋಗಲಿ.” ಇಂಥ ಸಂಭಾಷಣೆ ಯಾವ ಸಾಹಿತಿ ಬರೆದಾನು ಹೇಳಿ!

ಕ್ಲೈಮ್ಯಾಕ್ಸ್ ಅಲ್ಲ, ಇಂಟರ್‌ವಲ್

ಸಿಗರೇಟು ಬಿಟ್ಟೆ. ಸಕ್ಕರೆ ಇಳಿಯಿತು. ಮೊದಲು ಕರಗಿದ ಜಾಗಕ್ಕೆ ಮೂಳೆಪುಡಿ ತುಂಬಿ ಹೊಲಿದರು. ಅದು ಗಟ್ಟಿಯಾಗಲು ತಿಂಗಳುಗಟ್ಟಲೆ ಕಾದೆ. ಆಮೇಲೆ ಸ್ಕ್ರೂ. ವಸಡು ಮರಗಟ್ಟುವ ಇಂಜೆಕ್ಷನ್ ಕೊಟ್ಟಿದ್ದರಿಂದ ನೋವಿಲ್ಲ. ಸದ್ದು ಮಾತ್ರ ತಲೆಯೊಳಗೇ. ಕೊರೆಯುವಾಗ ತಣ್ಣನೆ ನೀರು ಹರಿಸುತ್ತಲೇ ಇದ್ದರು. ಮೂಳೆ 47 ಡಿಗ್ರಿಯಷ್ಟು ಬಿಸಿಯಾಗಿ ಒಂದು ನಿಮಿಷ ಹಾಗೇ ಇದ್ದರೂ ಸಾಕಂತೆ, ಅದಕ್ಕೆ ಪೆಟ್ಟು ಬೀಳುತ್ತದೆ. ಸ್ಕ್ರೂ ಹಿಡಿಯದೇ ಹೋಗಬಹುದು.

ಅಷ್ಟಾದ ಮೇಲೂ ಹಲ್ಲು ಬರಲಿಲ್ಲ! ಮೂಳೆ ಸ್ಕ್ರೂವನ್ನು ಅಪ್ಪಿಕೊಳ್ಳಲು ಮೂರರಿಂದ ಆರು ತಿಂಗಳು. ನನಗೆ ಪೂರಾ ಆರು. ಪ್ರತಿದಿನ ಬೆಳಿಗ್ಗೆ ಕನ್ನಡಿ ಮುಂದೆ ನಿಂತು ‘ತ ಥ ದ ಧ ನ’ ಅನ್ನುತ್ತಿದ್ದೆ. ಕೇಳುವವರು ಯಾರು? ಫೋನು ತೆಪ್ಪಗಿತ್ತು.

2023ರಲ್ಲಿ ಸ್ಕ್ರೂವಿನ ಮೇಲೆ ನಡುವಿನ ತುಂಡು ಕೂರಿಸಿ, ಅದರ ಮೇಲೆ ಪಕ್ಕದ ಹಲ್ಲಿನ ಬಣ್ಣಕ್ಕೇ ಹೊಂದುವ ಎರಡು ಕ್ಯಾಪು ಬಿಗಿದರು. ಡಾಕ್ಟ್ರಮ್ಮ ಕನ್ನಡಿ ಹಿಡಿದರು. ನಾನು ಕನ್ನಡಿ ನೋಡಲಿಲ್ಲ. ಕಣ್ಣು ಮುಚ್ಚಿ ಹೇಳಿದೆ: “ಸತ್ಯ ಸಾಯೋದಿಲ್ಲ ಸಾಹುಕಾರ್ರೇ!”

ಸೀಟಿ ಇಲ್ಲ. ಪಕ್ಕದ ಕುರ್ಚಿಯ ರೋಗಿ ಬಾಯಿ ತೆರೆದುಕೊಂಡೇ ಬೆಚ್ಚಿಬಿದ್ದ!

ಇನ್ನು ನಿಮಗೆ ನಾಲ್ಕು ಮಾತು. ಹಲ್ಲು ಹೋದರೆ ತಡ ಮಾಡಬೇಡಿ. ಸಕ್ಕರೆ, ಸಿಗರೇಟಿನ ವಿಷಯ ಕೇಳದೆ ಕೊರೆಯಲು ಬರುವವರಿಂದ ದೂರವಿರಿ. ದಂತವೈದ್ಯ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಖರ್ಚು ಕಡಿಮೆ, ವಿಚಾರಿಸಿ. ಹತ್ತು ವರ್ಷದ ಲೆಕ್ಕದಲ್ಲಿ 100ಕ್ಕೆ 90ಕ್ಕೂ ಹೆಚ್ಚು ಇಂಪ್ಲಾಂಟುಗಳು ಉಳಿಯುತ್ತವೆ. ಆದರೆ ಎಲ್ಲವೂ ಉಳಿಯುತ್ತವೆ ಅಂತಲ್ಲ. ಇಂಪ್ಲಾಂಟ್ ಹುಳುಕಾಗುವುದಿಲ್ಲ ನಿಜ, ಸುತ್ತಲಿನ ವಸಡು ಕೆಟ್ಟರೆ ಅದೂ ಅಲುಗುತ್ತದೆ. ಆದ್ದರಿಂದ ದಿನಾ ಎರಡು ಸಲ ಉಜ್ಜಿ, ಸಂದಿಗೂ ಸಣ್ಣ ಬ್ರಷ್ ಹಾಕಿ.

ಅಂದ ಹಾಗೆ, ಬಳೆಗಳು ಮತ್ತೆ ನನ್ನಾಕೆಯ ಕೈ ಸೇರಿವೆ. ಅದೇ ಸೌಂಡ್ ಇಂಜಿನಿಯರ್ ಮೊನ್ನೆ ಫೋನ್ ಮಾಡಿದ್ದ. “ಸಾರ್, ಒಳ್ಳೆ ಪಾತ್ರ ಇದೆ, ಚಿತ್ರದ ಪೂರ್ತಿ ಬರುತ್ತೆ. ನೀವೇ ಆಗಬೇಕು.”

“ಯಾರಪ್ಪ ಪಾತ್ರ?”

“ಬೊಚ್ಚುಬಾಯಿ ಅಜ್ಜ, ಸಾರ್. ಹಲ್ಲಿಲ್ಲದವನ ಥರ ಮಾತಾಡಬೇಕು!”

ಒಪ್ಪಿಕೊಂಡೆ. ಅನುಭವವಿದೆಯಲ್ಲ!