ಪರಸ್ಥಳದ ಕೆಂಚ

ಕಂಟ್ರಿ ಎಂದರೆ ನಮ್ಮ ಕಡೆ ಒಂದೋ ಸಾರಾಯಿ, ಇಲ್ಲವೇ ಪಿಸ್ತೂಲು. ಅಮೆರಿಕದಲ್ಲಿ ಅದೊಂದು ಸಂಗೀತ. ಅದರ ಹಾಡುಗಳಲ್ಲೂ ಈ ಎರಡಕ್ಕೆ ಬರವಿಲ್ಲ ಅನ್ನಿ. ಆ ಸಂಗೀತವನ್ನು ಎಲ್ಲಿಂದ ಕೇಳಲು ಶುರುಮಾಡಲಿ ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಒಂದೇ ಹೆಸರು: ವಿಲ್ಲಿ ನೆಲ್ಸನ್ 1975ರಲ್ಲಿ ಹೊರತಂದ ‘ರೆಡ್ ಹೆಡೆಡ್ ಸ್ಟ್ರೇಂಜರ್’. ಅರ್ಧ ಗಂಟೆಗಿಂತ ತುಸು ಹೆಚ್ಚಿನ ಆಲ್ಬಂ. ಹೆಸರನ್ನು ಕನ್ನಡಕ್ಕೆ ತಂದರೆ ‘ಪರಸ್ಥಳದ ಕೆಂಚ’ ಅನ್ನಬಹುದೇನೋ.

ನೆಲ್ಸನ್ ಟೆಕ್ಸಾಸ್ ರಾಜ್ಯದ ಅಬಟ್ ಎಂಬ ಸಣ್ಣ ಊರಿನವರು. ಹುಟ್ಟಿದ್ದು 1933ರಲ್ಲಿ. ಸಾಕಿದವರು ಅಜ್ಜ, ಅಜ್ಜಿ. ಬಾಲ್ಯದಲ್ಲಿ ಹತ್ತಿ ಬಿಡಿಸಿದ್ದೂ ಉಂಟು. 1960ರಲ್ಲಿ ಕಂಟ್ರಿ ಸಂಗೀತದ ರಾಜಧಾನಿ ನ್ಯಾಶ್‌ವಿಲ್‌ಗೆ ಹೋದರು. ಅಲ್ಲಿ ಅವರು ಬರೆದ ಹಾಡುಗಳು ಬೇರೆಯವರ ಬಾಯಲ್ಲಿ ಮೆರೆದವು. ಪ್ಯಾಟ್ಸಿ ಕ್ಲೈನ್ 1961ರಲ್ಲಿ ಹಾಡಿದ ‘ಕ್ರೇಜಿ’ ಅವರದೇ; ಅದೇ ವರ್ಷ ಫ್ಯಾರನ್ ಯಂಗ್ ಹಾಡಿದ ‘ಹೆಲೋ ವಾಲ್ಸ್’ ಕೂಡ ಅವರದೇ. ಸ್ವತಃ ಹಾಡಲು ನಿಂತರೆ ಮಾತ್ರ ಕೇಳುವವರು ಕಡಿಮೆ. ಮೂಗಿನಿಂದ ಹೊರಡುವ ತೆಳ್ಳನೆಯ ದನಿ. ಸಾಲದ್ದಕ್ಕೆ, ತಾಳ ಮುಂದೆ ಹೋದ ಮೇಲೆ ಮಾತನಾಡಿದ ಹಾಗೆ ನಿಧಾನಕ್ಕೆ ಹಿಂದಿನಿಂದ ಬಂದು ಸೇರಿಕೊಳ್ಳುವ ಹಾಡುಗಾರಿಕೆ. ಆ ಕಾಲದ ನ್ಯಾಶ್‌ವಿಲ್‌ಗೆ ಬೇಕಿದ್ದದ್ದು ಪಿಟೀಲುಗಳ ಸಾಲು, ಹಿಂದಿನಿಂದ ‘ಊ’ ಎನ್ನುವ ಕೋರಸ್ಸು, ಎಲ್ಲೂ ಅಂಚು ಹರಿಯದ ನುಣುಪು. ಆರ್‌ಸಿಎ ಕಂಪನಿ ಏಳೆಂಟು ವರ್ಷ ಇವರ ದನಿಗೂ ಆ ಅಂಗಿಯನ್ನೇ ತೊಡಿಸಿ ನೋಡಿತು. ಹೊಂದಲಿಲ್ಲ.

ಅಷ್ಟರಲ್ಲಿ ನೆಲ್ಸನ್‌ರ ಮನೆಗೆ ಬೆಂಕಿ ಬಿತ್ತು. ಉರಿಯುವ ಮನೆಯೊಳಗೆ ನುಗ್ಗಿ ಗಿಟಾರನ್ನು ಹೊರತಂದರು ಎಂಬ ಕಥೆಯನ್ನು ಅವರೇ ಹೇಳಿಕೊಂಡಿದ್ದಾರೆ. 1972ರ ಹೊತ್ತಿಗೆ ನ್ಯಾಶ್‌ವಿಲ್ ಬಿಟ್ಟು ಟೆಕ್ಸಾಸ್‌ನ ಆಸ್ಟಿನ್ ಸೇರಿದರು. ಅಲ್ಲಿ ಉದ್ದಗೂದಲಿನ ಹಿಪ್ಪಿ ಹುಡುಗರೂ ದೊಡ್ಡ ಟೊಪ್ಪಿಯ ದನಗಾಹಿಗಳೂ ಒಂದೇ ಸಭಾಂಗಣದಲ್ಲಿ ನಿಂತು ಇವರ ಹಾಡು ಕೇಳಿದರು. ಇವರೂ ಕೂದಲು ಬಿಟ್ಟರು. ಆಮೇಲೆ ಕೊಲಂಬಿಯಾ ಕಂಪನಿಯ ಜೊತೆ ಒಪ್ಪಂದವಾದಾಗ ಒಂದು ಷರತ್ತು ಹಾಕಿಸಿದರು: ಏನು ಹಾಡಬೇಕು, ಹೇಗೆ ಹಾಡಬೇಕು ಎಂಬ ತೀರ್ಮಾನ ತನ್ನದು.

ಆಲ್ಬಂನ ಬೀಜ ಹಳೆಯದು. 1950ರ ದಶಕದಲ್ಲಿ ಫೋರ್ಟ್ ವರ್ತ್ ನಗರದ ರೇಡಿಯೋದಲ್ಲಿ ಹಾಡು ಹಾಕುವ ಕೆಲಸ ಮಾಡುತ್ತಿದ್ದಾಗ ಆರ್ಥರ್ ಸ್ಮಿತ್ ಹಾಡಿದ್ದ, ಕೆಂಗೂದಲ ಪರಸ್ಥಳದವನೊಬ್ಬನ ಕಥನಗೀತೆಯನ್ನು ನೆಲ್ಸನ್ ಆಗಾಗ ಹಾಕುತ್ತಿದ್ದರು. ಮನೆಯಲ್ಲಿ ಮಕ್ಕಳನ್ನು ಮಲಗಿಸುವಾಗಲೂ ಅದನ್ನೇ ಹಾಡುತ್ತಿದ್ದರು. ಕೊಲೆಯಿರುವ ಜೋಗುಳ! ಹೊಸ ಕಂಪನಿಗೆ ಏನು ಕೊಡುವುದು ಎಂದು ಯೋಚಿಸುತ್ತ ಕೊಲರಾಡೊದಿಂದ ಆಸ್ಟಿನ್‌ಗೆ ಕಾರಿನಲ್ಲಿ ವಾಪಸಾಗುವಾಗ, ಆ ಹಾಡನ್ನೇ ಹಾಡಬಾರದೇಕೆ ಎಂದವರು ಆಗಿನ ಹೆಂಡತಿ ಕಾನಿ. ದಾರಿಯುದ್ದಕ್ಕೂ ಕಥೆ ಹಿಂದಕ್ಕೂ ಮುಂದಕ್ಕೂ ಬೆಳೆಯಿತು. ಆ ಕೆಂಚ ಯಾರು? ಯಾಕೆ ಹಾಗೆ ಅಲೆಯುತ್ತಿದ್ದಾನೆ?

ಅವನೊಬ್ಬ ಪಾದ್ರಿ. ಹೆಂಡತಿ ಬೇರೊಬ್ಬನ ಜೊತೆ ಹೋಗುತ್ತಾಳೆ. ಹುಡುಕಿಕೊಂಡು ಹೋಗಿ ಇಬ್ಬರನ್ನೂ ಕೊಲ್ಲುತ್ತಾನೆ. ತಾನು ಕಪ್ಪು ಕುದುರೆ ಏರಿ, ಅವಳ ಕಂದು ಕುದುರೆಯನ್ನು ಹಿಂದೆ ಎಳೆದುಕೊಂಡು ಊರೂರು ಅಲೆಯುತ್ತಾನೆ. ಒಂದು ಊರಿನಲ್ಲಿ ಹೊಂಬಣ್ಣದ ಕೂದಲಿನ ಹೆಣ್ಣೊಬ್ಬಳು ಆ ಕಂದು ಕುದುರೆಗೆ ಕೈ ಹಾಕುತ್ತಾಳೆ. ಅವಳನ್ನೂ ಕೊಲ್ಲುತ್ತಾನೆ. ಕುದುರೆ ಕದಿಯಲು ಬಂದವಳನ್ನು ಕೊಂದವನಿಗೆ ಗಲ್ಲು ಹೇಗೆ ಎಂದು ಊರು ಅವನನ್ನು ಬಿಟ್ಟುಬಿಡುತ್ತದೆ. ತಟ್ಟೆಯ ಎರಡನೆಯ ಮಗ್ಗುಲಿನಲ್ಲಿ ಅವನು ಡೆನ್ವರ್ ತಲುಪುತ್ತಾನೆ. ಹೊಸ ಜೊತೆ, ಕುಣಿತ, ನೆಮ್ಮದಿ.

ನನಗೆ ಈ ಕಥೆ ಒಪ್ಪಿಗೆಯಿಲ್ಲ. ಸತ್ತ ಹೆಂಗಸರಿಗೆ ಒಂದು ಸಾಲಿನ ಮಾತೂ ಇಲ್ಲ, ಕೊಂದವನಿಗೆ ಮಾತ್ರ ಶಾಂತಿ ಸಿಗುತ್ತದೆ. ಆದರೂ ಹಾಡು ನಡೆಯುತ್ತಿರುವಾಗ ಎದ್ದು ಹೋಗಲಾಗುವುದಿಲ್ಲ. ನೆಲ್ಸನ್ ದನಿ ಅವನ ಪರವಾಗಿ ವಕಾಲತ್ತು ವಹಿಸುವುದಿಲ್ಲ, ತೀರ್ಪನ್ನೂ ಕೊಡುವುದಿಲ್ಲ. ಕೊಲೆ ನಡೆದಾಗಲೂ ಆ ದನಿ ಏರುವುದಿಲ್ಲ. ಜಗಲಿಯ ಮೇಲೆ ಕೂತು ಪಕ್ಕದೂರಿನ ಸುದ್ದಿ ಹೇಳಿದ ಹಾಗೆ ಹೇಳುತ್ತದೆ. ಭಯ ಹುಟ್ಟಿಸುವುದೂ ಅದೇ.

ಧ್ವನಿಮುದ್ರಣ ನಡೆದದ್ದು 1975ರ ಜನವರಿಯಲ್ಲಿ, ಡಲ್ಲಾಸ್ ಪಕ್ಕದ ಗಾರ್ಲಂಡ್‌ನ ಆಟಮ್ ಸೌಂಡ್ ಎಂಬ ಸ್ಟುಡಿಯೋದಲ್ಲಿ. ಕೆಲವೇ ದಿನಗಳ ಕೆಲಸ, ಖರ್ಚು ಸುಮಾರು 4,000 ಡಾಲರ್. ದಿನವೂ ಜೊತೆಯಲ್ಲಿ ಊರೂರು ಸುತ್ತುವ ಬಳಗವೇ ಇಲ್ಲೂ ನುಡಿಸಿತು. ಪಿಯಾನೊಗೆ ಅಕ್ಕ ಬಾಬಿ, ಮೌತ್ ಆರ್ಗನ್‌ಗೆ ಮಿಕಿ ರಾಫೆಲ್, ಡ್ರಮ್ಸ್‌ಗೆ ಪಾಲ್ ಇಂಗ್ಲಿಷ್. ಎಷ್ಟೋ ಕಡೆ ಗಿಟಾರ್, ದನಿ ಬಿಟ್ಟರೆ ಬೇರೇನೂ ಇಲ್ಲ. ಆ ಗಿಟಾರಿನ ಹೆಸರು ಟ್ರಿಗರ್. ಸಿನಿಮಾ ನಟ ರಾಯ್ ರೋಜರ್ಸ್‌ನ ಕುದುರೆಯ ಹೆಸರೇ ಅದಕ್ಕೆ. ಬೆರಳಿನಿಂದಲೇ ನುಡಿಸಲೆಂದು ಮಾಡಿದ ಮಾರ್ಟಿನ್ ಕಂಪನಿಯ ಗಿಟಾರ್ ಅದು. ಮುಖದ ಮರಕ್ಕೆ ರಕ್ಷಣೆಯ ತಗಡು ಇಲ್ಲ. ನೆಲ್ಸನ್ ಅದನ್ನು ಪ್ಲೆಕ್ಟ್ರಮ್ ಹಿಡಿದು ನುಡಿಸಿ ನುಡಿಸಿ ಮರ ಸವೆದು ದೊಡ್ಡ ತೂತೇ ಬಿದ್ದಿದೆ.

ಟೇಪು ಕೇಳಿದ ಕೊಲಂಬಿಯಾದವರಿಗೆ ಇದು ಕಚ್ಚಾ ಮಾದರಿ ಅನ್ನಿಸಿತು. ಇನ್ನೂ ವಾದ್ಯ ತುಂಬಿಸುವುದು ಬಾಕಿ ಇದೆ ಎಂದುಕೊಂಡರು. ಷರತ್ತು ಕೆಲಸಕ್ಕೆ ಬಂದದ್ದು ಆಗ. ಒಂದು ತಂತಿಯೂ ಸೇರದೆ ಆಲ್ಬಂ ಹೊರಬಂತು.

ಅದನ್ನು ಹೊತ್ತು ನಡೆದದ್ದು ‘ಬ್ಲೂ ಐಸ್ ಕ್ರೈಯಿಂಗ್ ಇನ್ ದ ರೇನ್’. ತಮಾಷೆಯೆಂದರೆ, ಬೇರೆಯವರಿಗೆ ಹಾಡು ಬರೆದುಕೊಟ್ಟೇ ಹೆಸರಾದ ನೆಲ್ಸನ್‌ರಿಗೆ ಗಾಯಕನಾಗಿ ಕಂಟ್ರಿ ಪಟ್ಟಿಯ ಮೊದಲ ಸ್ಥಾನ ತಂದುಕೊಟ್ಟ ಈ ಹಾಡು ಅವರದಲ್ಲ; ಫ್ರೆಡ್ ರೋಸ್ 1940ರ ದಶಕದಲ್ಲಿ ಬರೆದದ್ದು. ಆಗ ನೆಲ್ಸನ್‌ರಿಗೆ 42 ವರ್ಷ. ಎರಡೂವರೆ ನಿಮಿಷ ದಾಟದ ಆ ಹಾಡನ್ನು ರಾತ್ರಿ ಹೊತ್ತು, ದೀಪ ಆರಿಸಿ ಕೇಳಬೇಕು. ನಡುವೆ ಬರುವ ಗಿಟಾರು ಹಾಡಿನ ಮಟ್ಟನ್ನೇ ತಡವರಿಸುತ್ತ ಇನ್ನೊಮ್ಮೆ ಹೇಳುತ್ತದೆ, ಅಷ್ಟೆ. ಹಾಡಿಗೆ ಗ್ರ್ಯಾಮಿ ಬಂತು. ಆಲ್ಬಂ ಕೂಡ ಕಂಟ್ರಿ ಪಟ್ಟಿಯ ತುದಿಗೇರಿತು. 1976ರಲ್ಲಿ ಗೋಲ್ಡ್ ಅಂದರೆ ಐದು ಲಕ್ಷ ಪ್ರತಿಗಳ ಲೆಕ್ಕ, 1986ರಲ್ಲಿ ಡಬಲ್ ಪ್ಲಾಟಿನಂ ಅಂದರೆ ಇಪ್ಪತ್ತು ಲಕ್ಷದ್ದು. ಆಲ್ಬಂ ಹೊರಬಂದ ಮರುವರ್ಷವೇ ನೆಲ್ಸನ್, ವೇಲನ್ ಜೆನಿಂಗ್ಸ್ ಮುಂತಾದವರ ಹಾಡು ಕಲೆಹಾಕಿದ ‘ವಾಂಟೆಡ್! ದಿ ಔಟ್‌ಲಾಸ್’ ಕಂಟ್ರಿಯಲ್ಲೇ ಮೊದಲ ಪ್ಲಾಟಿನಂ ಆಯಿತು. ನ್ಯಾಶ್‌ವಿಲ್‌ನ ಮಾತು ಕೇಳದವರಿಗೆ ‘ಔಟ್‌ಲಾ’ ಎಂಬ ಬಿರುದನ್ನು ಅಂಟಿಸಿ, ಅದನ್ನೂ ಮಾರಿದ್ದು ಅದೇ ಕಂಪನಿಗಳು.

1986ರಲ್ಲಿ ಕೆಂಚನ ಕಥೆ ಸಿನಿಮಾ ಆಯಿತು. ಪಾದ್ರಿಯ ಪಾತ್ರ ನೆಲ್ಸನ್‌ರದೇ. ಅದಕ್ಕಾಗಿ ಆಸ್ಟಿನ್ ಹೊರವಲಯದ ತಮ್ಮ ಜಮೀನಿನಲ್ಲಿ ಹಳೇ ಕಾಲದ ಒಂದು ಊರನ್ನೇ ಮರದಲ್ಲಿ ಕಟ್ಟಿಸಿದರು. ಸಿನಿಮಾ ಮುಗಿದರೂ ಸೆಟ್ ಕೆಡವಲಿಲ್ಲ, ಲಕ್ ಎಂದು ಹೆಸರಿಟ್ಟುಕೊಂಡರು. ಅಲ್ಲಿ ಸಂಗೀತ ಮೇಳ ನಡೆದಾಗ ಆ ಕೊಲೆಗಾರ ಪಾದ್ರಿಗಾಗಿ ಕಟ್ಟಿದ ಪುಟ್ಟ ಚರ್ಚಿನೊಳಗೂ ಹಾಡುತ್ತಾರೆ. ಜನ ಬೆಂಚುಗಳ ಮೇಲೆ ಒತ್ತಿಕೊಂಡು ಕೂತು ಕೇಳುತ್ತಾರೆ.