ಒಂದೇ ಪರೀಕ್ಷೆ, ಹಲವು ಅನುಷ್ಠಾನ: ಕನ್ನಡ ವಿಭಕ್ತಿರೂಪಗಳ ಉತ್ಪಾದನೆಯನ್ನು ಪರಿಶೀಲಿಸುವ ಬಗೆ

ನಾಮಪ್ರಕೃತಿಯನ್ನೂ ವಿಭಕ್ತಿಯನ್ನೂ ಪಡೆದು ಪದರೂಪವನ್ನು ನೀಡುವ ತಂತ್ರಾಂಶವನ್ನು ಸಂಧಿನಿಯಮಗಳಿಂದಲೋ, ರೂಪಾವಳಿಯ ಕೋಷ್ಟಕದಿಂದಲೋ, ಫೈನೈಟ್ ಸ್ಟೇಟ್ ಟ್ರಾನ್ಸ್‌ಡ್ಯೂಸರಿನಿಂದಲೋ ರಚಿಸಬಹುದು. ಈ ಅನುಷ್ಠಾನಗಳ ಒಳರಚನೆ ಬೇರೆಯಾದರೂ ಹೊರಮುಖ, ಎಂದರೆ ಇಂಟರ್‌ಫೇಸ್, ಒಂದೇ. ಪ್ರತಿಯೊಂದಕ್ಕೂ ಪ್ರತ್ಯೇಕ ಘಟಕ ಪರೀಕ್ಷೆಗಳನ್ನು ಬರೆದರೆ ರಚನಕಾರರ ಊಹೆಗಳೇ ಪರೀಕ್ಷೆಗಳಲ್ಲಿಯೂ ಸೇರಿಕೊಳ್ಳುತ್ತವೆ. ಆದ್ದರಿಂದ ಪರೀಕ್ಷೆಗಳನ್ನು ಇಂಟರ್‌ಫೇಸಿಗೆಂದು ಒಮ್ಮೆ ಬರೆದು ಎಲ್ಲ ಅನುಷ್ಠಾನಗಳ ಮೇಲೂ ನಡೆಸುವುದು ಉಚಿತ. ಪೈಟೆಸ್ಟ್‌ನಲ್ಲಿ ಅನುಷ್ಠಾನಗಳ ಪಟ್ಟಿಯನ್ನು ಫಿಕ್ಸ್‌ಚರಿನ ಪ್ಯಾರಾಮೀಟರ್ ಆಗಿ ಕೊಟ್ಟರೆ, ಅದನ್ನು ಬಳಸುವ ಪ್ರತಿಯೊಂದು ಪರೀಕ್ಷೆಯೂ ಪ್ರತಿಯೊಂದು ಅನುಷ್ಠಾನದ ಮೇಲೆ ನಡೆಯುತ್ತದೆ. ಹೀಗೆ ಪರೀಕ್ಷೆಗೊಳಗಾಗುವುದು ಅನುಷ್ಠಾನ ಮಾತ್ರವಲ್ಲ, ಇಂಟರ್‌ಫೇಸ್ ಕೂಡ ಎಂಬುದು ನಮ್ಮ ವಾದ.

ಚಾಮರಾಜನಗರ ಜಿಲ್ಲೆಯ ಮೂರು ತಾಲ್ಲೂಕು ಕೇಂದ್ರಗಳ ಹೆಸರುಗಳನ್ನೇ ಪರೀಕ್ಷಾಸಾಮಗ್ರಿಯಾಗಿ ತೆಗೆದುಕೊಳ್ಳೋಣ. ಚತುರ್ಥಿಯಲ್ಲಿ ಅಕಾರಾಂತವಾದ ಕೊಳ್ಳೇಗಾಲವು ‘ಕೊಳ್ಳೇಗಾಲಕ್ಕೆ’ ಎಂದಾಗುತ್ತದೆ. ಉಕಾರಾಂತಗಳಾದ ಹನೂರು, ಯಳಂದೂರುಗಳು ಕಡೆಯ ಉಕಾರವನ್ನು ಬಿಟ್ಟು ‘ಹನೂರಿಗೆ’, ‘ಯಳಂದೂರಿಗೆ’ ಎಂದಾಗುತ್ತವೆ. ಇಷ್ಟರಿಂದಲೇ ‘ಉಕಾರ ಲೋಪಿಸುತ್ತದೆ’ ಎಂಬ ನಿಯಮ ರೂಪಿಸಿದ ಅನುಷ್ಠಾನವು ‘ಗುರು’ ಶಬ್ದಕ್ಕೆ ‘ಗುರುವಿಗೆ’ ಎನ್ನುವ ಬದಲು ‘ಗುರಿಗೆ’ ಎಂದೀತು. ‘ಗುರಿಗೆ’ ಎಂಬುದು ‘ಗುರಿ’ ಶಬ್ದದ ಸಾಧುರೂಪವಾದುದರಿಂದ, ಫಲಿತವು ಕನ್ನಡ ಪದವೇ ಎಂದು ಮಾತ್ರ ನೋಡುವ ಪರೀಕ್ಷೆಗೆ ಈ ದೋಷ ಕಾಣುವುದಿಲ್ಲ. ಪರೀಕ್ಷೆಯು ಪ್ರಕೃತಿ, ವಿಭಕ್ತಿ, ರೂಪ ಈ ಮೂರನ್ನೂ ಒಟ್ಟಾಗಿ ನಿರ್ದೇಶಿಸಬೇಕು.

ಈಗ ‘ಮರ’, ‘ಹುಡುಗ’ ಎಂಬ ಶಬ್ದಗಳನ್ನು ಸೇರಿಸೋಣ. ಎರಡೂ ಅಕಾರಾಂತಗಳೇ, ಆದರೆ ‘ಮರಕ್ಕೆ’, ‘ಹುಡುಗನಿಗೆ’ ಎಂದು ರೂಪಗಳು ಬೇರೆ. ಪ್ರತಿ ಶಬ್ದದ ರೂಪಗಳನ್ನೂ ಮೊದಲೇ ಇರಿಸಿಕೊಂಡ ಕೋಷ್ಟಕವು ತೇರ್ಗಡೆಯಾಗುತ್ತದೆ. ಕೊನೆಯ ಸ್ವರವನ್ನಷ್ಟೇ ನೋಡುವ ನಿಯಮಾವಳಿ ‘ಹುಡುಗಕ್ಕೆ’ ಎಂದು ಸೋಲುತ್ತದೆ. ಇಲ್ಲಿ ಕೊರತೆಯಿರುವುದು ನಿಯಮಗಳಲ್ಲಲ್ಲ. ರೂಪವನ್ನು ನಿರ್ಧರಿಸುವ ಲಿಂಗದ ಮಾಹಿತಿಯನ್ನು ಇಂಟರ್‌ಫೇಸ್ ಕೇಳಿಯೇ ಇರಲಿಲ್ಲ. ಕೋಷ್ಟಕವೊಂದನ್ನೇ ಪರೀಕ್ಷಿಸಿದ್ದರೆ ಈ ಕೊರತೆ ಮರೆಯಾಗಿಯೇ ಉಳಿಯುತ್ತಿತ್ತು.

ವೈವಿಧ್ಯದ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಬರಹದಲ್ಲಿ ‘ಹನೂರಿನಲ್ಲಿ’ ಎಂಬುದು ರೂಢ. ಮಾತಿನಲ್ಲಿ ‘ಹನೂರಲ್ಲಿ’ ಎಂಬುದೂ ಸಹಜ. ಒಂದೇ ಉತ್ತರವನ್ನು ಒಪ್ಪುವ ಪರೀಕ್ಷೆಯು ಆಡುಮಾತನ್ನು ತಂತ್ರಾಂಶದ ದೋಷವೆಂದು ದಾಖಲಿಸುತ್ತದೆ. ಇಂಟರ್‌ಫೇಸ್ ರೂಪಗಳ ಗಣವನ್ನು ಹಿಂದಿರುಗಿಸುವಂತಿರಬೇಕು. ಅದರಲ್ಲಿ ಇರಲೇಬೇಕಾದ ರೂಪಗಳನ್ನೂ, ‘ಹನೂರುದಲ್ಲಿ’ ಎಂಬಂತಹ ಇರಲೇಬಾರದ ರೂಪಗಳನ್ನೂ ಪರೀಕ್ಷೆ ಹೆಸರಿಸಬೇಕು. ಯಾವ ರೂಪ ಯಾವ ಗುಂಪಿಗೆ ಸೇರುತ್ತದೆಂಬುದನ್ನು ತೀರ್ಮಾನಿಸಬೇಕಾದವರು ಭಾಷಾವಿಜ್ಞಾನಿಗಳು.

ಕೊನೆಯದಾಗಿ, ಎಲ್ಲ ಅನುಷ್ಠಾನಗಳೂ ತೇರ್ಗಡೆಯಾದವೆಂದ ಮಾತ್ರಕ್ಕೆ ನಿರೀಕ್ಷಿತ ರೂಪಗಳು ಸರಿಯೆಂದಾಗುವುದಿಲ್ಲ. ಅವುಗಳನ್ನು ಯಾವುದೋ ಒಂದು ಅನುಷ್ಠಾನದ ಫಲಿತದಿಂದ ನಕಲು ಮಾಡಿದ್ದರೆ ಅದರ ತಪ್ಪೇ ಉಳಿದವುಗಳಿಗೂ ಮಾನದಂಡವಾಗುತ್ತದೆ. ಆದುದರಿಂದ ನಿರೀಕ್ಷಿತ ರೂಪಗಳನ್ನು ತಂತ್ರಾಂಶ ರಚನೆಗೆ ಮೊದಲೇ ವ್ಯಾಕರಣದಿಂದಲೂ ಭಾಷಿಕರಿಂದಲೂ ಸಂಗ್ರಹಿಸತಕ್ಕದ್ದು.